ಹುಣಸೆಕುಂಟೆ ಗೇಟಿನ ಡ್ರಮ್ಮು

ನಾನು ಡಾಂಬರಿನ ಡ್ರಮ್ಮು. ಹುಟ್ಟುವ ಮೊದಲು ಬರೀ ಚಪ್ಪಟೆ ತಗಡಾಗಿದ್ದೆ. ಕಡಲ ತೀರದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಯಂತ್ರಕ್ಕೆ ಕೊಟ್ಟು ಸುತ್ತಿದರು. ಅಂಚಿಗೆ ಅಂಚು ಸೇರಿಸಿ ಬೆಸೆದರು. ಸೊಂಟಕ್ಕೆ ಎರಡು ಬಳೆಗಳಂಥ ಉಬ್ಬು ಮೂಡಿಸಿದರು. ಅಡಿಗೊಂದು, ತಲೆಗೊಂದು ತಗಡು ಹೊಡೆದರು. ಕೆಲಸ ಮುಗಿದ ಕೂಡಲೇ ಒಬ್ಬಾತ ನನ್ನನ್ನು ಕಾಲಿನಿಂದ ನೂಕಿದ. ಉರುಳಿಕೊಂಡು ಹೋಗಿ ನನ್ನಂಥದ್ದೇ ಇನ್ನೊಂದು ಡ್ರಮ್ಮಿಗೆ ಡಿಕ್ಕಿ ಹೊಡೆದೆ. ಅದು ಮುಂದಿನದಕ್ಕೆ ಹೊಡೆಯಿತು. ಹೀಗೆ ನಾವೆಲ್ಲ ಸದ್ದು ಮಾಡುತ್ತಲೇ ಲೋಕಕ್ಕೆ ಬಂದವರು.

ಬಿಸಿ ಡಾಂಬರನ್ನು ನನ್ನೊಳಗೆ ಸುರಿದರು. ಅದು ಆರಿ ಗಟ್ಟಿಯಾಯಿತು. ಮೈ ಭಾರವಾದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಲಾರಿಯ ಮೇಲೆ ಘಾಟಿ ಹತ್ತುವಾಗ ಉಳಿದ ಡ್ರಮ್ಮುಗಳು ಒಂದಕ್ಕೊಂದು ಒರಗಿ ಸುಮ್ಮನಿದ್ದವು. ನಾನು ಮಾತ್ರ ಪ್ರತಿ ತಿರುವಿನಲ್ಲೂ ಹಗ್ಗವನ್ನು ಜಗ್ಗುತ್ತಿದ್ದೆ. ಎಲ್ಲಿಗೆ ಹೋಗುತ್ತಿದ್ದೇವೆ, ಇನ್ನೆಷ್ಟು ದೂರ, ಅಲ್ಲಿ ಏನು ಮಾಡುತ್ತಾರೆ ಎಂಬ ಚಡಪಡಿಕೆ.

ನಮ್ಮನ್ನು ಇಳಿಸಿದ್ದು ಕೋಲಾರ ಸೀಮೆಯ ಹುಣಸೆಕುಂಟೆ ಗೇಟಿನಲ್ಲಿ. ಆ ಕಡೆ ಊರಿನ ದಾರಿ ಹೆದ್ದಾರಿಗೆ ಬಂದು ಸೇರುವ ಜಾಗಕ್ಕೆ ಗೇಟ್ ಎನ್ನುತ್ತಾರೆ. ಹುಡುಕಿದರೂ ಗೇಟು ಮಾತ್ರ ಎಲ್ಲೂ ಕಾಣುವುದಿಲ್ಲ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಊರಿನ ದಾರಿ, ಹಾಲಿನ ಡೈರಿ, ಒಂದು ಪಂಕ್ಚರ್ ಅಂಗಡಿ. ಇನ್ನೊಂದು ಮಗ್ಗುಲಲ್ಲಿ ಸರ್ಕಾರಿ ಹೈಸ್ಕೂಲು. ನಡುವೆ ಗುಂಡಿ ಬಿದ್ದ ರಸ್ತೆ. ಗಾಡಿಗಳು ಆ ಗುಂಡಿಗಳಲ್ಲಿ ಎದ್ದು ಬಿದ್ದು ಎಮ್ಮೆಗಳ ಹಾಗೆ ಮೆಲ್ಲಗೆ ಸಾಗುತ್ತಿದ್ದವು. ಮಕ್ಕಳು ಅವುಗಳ ನಡುವೆ ನುಸುಳಿಕೊಂಡು ಶಾಲೆಗೆ ಹೋಗುತ್ತಿದ್ದರು.

ನನ್ನನ್ನು ಅಡ್ಡ ಮಲಗಿಸಿ ಕೆಳಗೆ ಬೆಂಕಿ ಹಾಕಿದರು. ಡಾಂಬರು ಕರಗಿ ಹರಿಯಿತು. ಅದನ್ನು ಜಲ್ಲಿಗೆ ಬೆರೆಸಿ ಹಾಸಿ, ರೋಲರ್ ಓಡಿಸಿದರು. ಕೆಲಸ ಮುಗಿದಾಗ ರಸ್ತೆ ನುಣ್ಣಗೆ, ಕಪ್ಪಗೆ, ಹೊಳೆಯುತ್ತಾ ಮಲಗಿತ್ತು. ಊರವರು ಬಂದು ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆದು ನೋಡಿದರು. 'ಇನ್ನು ಮೇಲೆ ಪೇಟೆ ಹತ್ತಿರವಾಯ್ತು' ಎಂದು ಸಂತೋಷಪಟ್ಟರು. ನನಗೂ ಹೆಮ್ಮೆ. ಆ ರಸ್ತೆಯಲ್ಲಿ ನನ್ನ ಹೊಟ್ಟೆಯದೂ ಒಂದು ಪಾಲಿತ್ತಲ್ಲ.

ಖಾಲಿ ಡ್ರಮ್ಮುಗಳನ್ನು ಗುತ್ತಿಗೆದಾರರು ತುಂಬಿಕೊಂಡು ಹೋಗುವಾಗ ನಾನು ಗಾಡಿಯಿಂದ ಉರುಳಿ ಬಿದ್ದೆ. ಅವರು ತಿರುಗಿ ನೋಡಲಿಲ್ಲ. ಪಂಕ್ಚರ್ ಅಂಗಡಿಯ ಬಾಬಾಜಾನ್ ನನ್ನನ್ನು ಎತ್ತಿ ನಿಲ್ಲಿಸಿದ. ಬಿಳಿ ಗಡ್ಡ, ಎಣ್ಣೆಮಸಿ ಹಿಡಿದ ಬೆರಳು, ಯಾರನ್ನು ಕಂಡರೂ 'ಬಾರಪ್ಪಾ' ಎನ್ನುವ ಮನುಷ್ಯ. ಅಂಗಡಿಯ ಮುಂದೆ ರಸ್ತೆಯ ಅಂಚಿಗೆ ನನ್ನನ್ನಿಟ್ಟು, ತಲೆಯ ಮೇಲೊಂದು ಹಳೇ ಟೈರು ಕೂರಿಸಿದ. ದೂರದಿಂದ ನೋಡಿದವರಿಗೆ ಇಲ್ಲಿ ಪಂಕ್ಚರ್ ಹಾಕುತ್ತಾರೆಂದು ಗೊತ್ತಾಗಬೇಕು. ಬೋರ್ಡೂ ನಾನೇ, ಅಂಗಡಿಯ ಹೆಸರೂ ನಾನೇ.

ನಿಂತಲ್ಲೇ ನಿಲ್ಲುವುದು ನನಗೆ ಹಿಂಸೆ. ಆದರೆ ಕಣ್ಣೆದುರು ರಸ್ತೆ ಓಡುತ್ತಿತ್ತು. ಅದು ದಿನದಿಂದ ದಿನಕ್ಕೆ ಜೋರಾಗಿ ಓಡತೊಡಗಿತು.

ಬೆಳಗ್ಗೆ ಸುತ್ತಲಿನ ಹಳ್ಳಿಗಳಿಂದ ಟೊಮ್ಯಾಟೊ ತುಂಬಿದ ಪಿಕಪ್ ಗಾಡಿಗಳು ಕೋಲಾರದ ಮಂಡಿಗೆ ಹೊರಡುತ್ತಿದ್ದವು. ಹರಾಜಿಗೆ ಮೊದಲು ಹೋದ ಮಾಲಿಗೆ ಒಳ್ಳೇ ರೇಟು, ತಡವಾದರೆ ರೇಟು ಬಿದ್ದುಹೋಗುತ್ತದೆ ಎಂಬುದು ಡ್ರೈವರುಗಳ ನಂಬಿಕೆ. ಗುಂಡಿಗಳಿದ್ದಾಗ ಎಲ್ಲರೂ ಸಮನಾಗಿ ತಡವಾಗುತ್ತಿದ್ದರು. ಈಗ ಒಬ್ಬರನ್ನೊಬ್ಬರು ಹಿಂದೆ ಹಾಕುವುದೇ ಆಟ. ಅದೇ ಹೊತ್ತಿಗೆ ಶಾಲೆಯ ಗಂಟೆ. ಮಕ್ಕಳು ನನ್ನ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಒಂದು ಹೆಜ್ಜೆ ಇಟ್ಟು ಹಿಂದೆ ಬಂದು, ಮತ್ತೆ ನೋಡಿ, ಕೊನೆಗೆ ಯಾರೋ ಒಬ್ಬರು 'ಓಡ್ರೋ' ಎಂದರೆ ಎಲ್ಲರೂ ಓಡುತ್ತಿದ್ದರು. ಬ್ಯಾಗುಗಳು ಬೆನ್ನಿನ ಮೇಲೆ ಎಗರುತ್ತಿದ್ದವು. ಕೊನೆಯ ಮಗು ಆಚೆ ಮುಟ್ಟುವ ತನಕ ನನ್ನ ತಗಡು ಸಣ್ಣಗೆ ನಡುಗುತ್ತಿತ್ತು. ಗಾಡಿಗಳ ಗಾಳಿಗೆ ಎಂದು ಬಾಬಾಜಾನ್ ಅಂದುಕೊಂಡಿರಬೇಕು.

ಆ ಮಕ್ಕಳಲ್ಲಿ ಭಾರ್ಗವಿ ಮತ್ತು ನಿಖಿತ ಯಾವಾಗಲೂ ಜೊತೆಗೆ ಬರುತ್ತಿದ್ದರು. ಇಬ್ಬರೂ ಎಂಟನೇ ಕ್ಲಾಸು, ಒಂದೇ ಬೆಂಚು. ನಿಖಿತಳಿಗೆ ಮಾತು ಜಾಸ್ತಿ. ಭಾರ್ಗವಿಗೆ ಅವಸರ ಜಾಸ್ತಿ. ಭಾರ್ಗವಿಯ ಅಪ್ಪ ಸೊಣ್ಣಪ್ಪನೂ ಪಿಕಪ್ ಡ್ರೈವರ್. ಟೈರಿಗೆ ಗಾಳಿ ತುಂಬಿಸಲು ಅಂಗಡಿಗೆ ಬರುತ್ತಿದ್ದ. 'ಬೇಗ ಮಾಡಪ್ಪಾ ಬಾಬಾಜಾನಣ್ಣ, ಎಲ್ಲಾ ಮುಂದಕ್ಕೋದ್ರು' ಎನ್ನುತ್ತಾ ಒಂದು ಕಾಲನ್ನು ಗಾಡಿಯಲ್ಲೇ ಇಟ್ಟಿರುತ್ತಿದ್ದ.

ಒಂದು ದಿನ ಬೆಳಗ್ಗೆ ಭಾರ್ಗವಿ ಓಡಿ ರಸ್ತೆ ದಾಟಿದಳು. ನಿಖಿತ ಅರ್ಧಕ್ಕೆ ಬಂದವಳು ಗಾಡಿ ಬರುವುದನ್ನು ಕಂಡು ಹಿಂದಕ್ಕೆ ತಿರುಗಿದಳು. ಆ ಗಾಡಿ ನಿಧಾನ ಮಾಡಿತು. ಅದರ ಹಿಂದಿದ್ದ ಪಿಕಪ್ಪು ನಿಧಾನ ಮಾಡಲಿಲ್ಲ. ಮುಂದಿನದನ್ನು ಬಳಸಿಕೊಂಡು ನುಗ್ಗಿತು. ನಿಖಿತಳ ಬ್ಯಾಗು ಹಾರಿ ನನ್ನ ಬುಡಕ್ಕೆ ಬಂದು ಬಿತ್ತು. ಅದರೊಳಗಿನ ಊಟದ ಡಬ್ಬಿ ತೆರೆದುಕೊಂಡು ಚಿತ್ರಾನ್ನ ಮಣ್ಣಿಗೆ ಚೆಲ್ಲಿತು. ಆ ಪಿಕಪ್ಪು ನಿಲ್ಲಲಿಲ್ಲ. ಅದು ಯಾರದು, ಯಾವ ಊರಿನದು ಎಂದು ಆ ದಿನವೂ ಗೊತ್ತಾಗಲಿಲ್ಲ, ಮುಂದೆಯೂ ಗೊತ್ತಾಗಲಿಲ್ಲ. ಬಾಬಾಜಾನ್ ಕೈಯಲ್ಲಿದ್ದ ಟ್ಯೂಬನ್ನು ಎಸೆದು ಓಡಿದ. ನಿಖಿತಳನ್ನು ಎತ್ತಿಕೊಂಡು, ಸಿಕ್ಕ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಭಾರ್ಗವಿ ಆಚೆ ದಡದಲ್ಲೇ ನಿಂತಿದ್ದಳು. ಅವಳನ್ನು ಈಚೆಗೆ ಕರೆತರಲು ಯಾರೋ ಹೋಗಬೇಕಾಯಿತು.

ನಿಖಿತ ಉಳಿದಳು. ತೊಡೆಯ ಮೂಳೆ ಮುರಿದು ಒಳಗೆ ರಾಡು ಹಾಕಿದರು. ಅವಳ ಶಾಲೆ ನಿಂತಿತು.

ಮರುದಿನ ಸಂಜೆ ಸೊಣ್ಣಪ್ಪ ಗಾಳಿ ತುಂಬಿಸಲು ಬಂದಾಗ ಭಾರ್ಗವಿ ಶಾಲೆಯಿಂದ ಬಂದು ಅವನ ಮುಂದೆ ನಿಂತಳು.

"ಅಪ್ಪಾ, ಅದು ನಿನ್ ಗಾಡಿ ಅಲ್ಲ ತಾನೇ?"

ಸೊಣ್ಣಪ್ಪ ಬೆಚ್ಚಿಬಿದ್ದ. "ಏನಂತಾ ಕೇಳ್ತಿದ್ದೀಯಮ್ಮಾ? ನಾನಾಗ ಮಂಡಿಯಾಗೇ ಇದ್ದೆ. ಬೇಕಾದ್ರೆ ಯಾರನ್ನಾದ್ರೂ ಕೇಳು."

"ಯಾರನ್ನೂ ಕೇಳಲ್ಲ. ನೀನು ಹೇಳಿದ್ರೆ ಸಾಕು."

"ನಂದಲ್ಲ. ನಿನ್ನಾಣೆ."

ಅವಳು ತಲೆಯಾಡಿಸಿ ಮನೆಯ ಕಡೆ ನಡೆದಳು. ಸೊಣ್ಣಪ್ಪ ಗಾಡಿ ಹತ್ತಿದವನು ಬಹಳ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ಮಗಳು ಆ ಪ್ರಶ್ನೆ ಕೇಳಬಹುದು ಎಂಬುದೇ ಅವನಿಗೆ ನಾಟಿತ್ತು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ ಎಂಬುದು ಇನ್ನೂ ಆಳಕ್ಕೆ ನಾಟಿತ್ತು. ಆ ವಾರವೆಲ್ಲ ಗೇಟಿನಲ್ಲಿ ಪ್ರತಿ ಮಗುವೂ ಪ್ರತಿ ಡ್ರೈವರಿನ ಮುಖವನ್ನು ಹಾಗೇ ನೋಡುತ್ತಿತ್ತು.

ಊರವರು ಸಿಟ್ಟಿಗೆದ್ದು ರಸ್ತೆ ತಡೆದರು. ನನ್ನ ತಲೆಯ ಮೇಲಿನ ಟೈರನ್ನು ಕಿತ್ತುಕೊಂಡು ಹೋಗಿ ನಡುರಸ್ತೆಯಲ್ಲಿ ಸುಟ್ಟರು. ಕೂಗಿದರು. ದೊಡ್ಡವರು ಯಾರೋ ಜೀಪಿನಲ್ಲಿ ಬಂದು 'ಹಂಪ್ ಹಾಕಿಸೋಣ, ಎಲ್ಲಾ ಮಾಡೋಣ' ಎಂದರು. ಎಲ್ಲರೂ ಎದ್ದು ಮನೆಗೆ ಹೋದರು. ಮರುದಿನ ರಸ್ತೆಯ ಮೇಲೆ ಟೈರು ಸುಟ್ಟ ಕಲೆ ಇತ್ತು, ಅದರ ಮೇಲೆ ಪಿಕಪ್ಪುಗಳು ಓಡುತ್ತಿದ್ದವು.

ಮಕ್ಕಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಶಾಲೆಯಲ್ಲಿ ಸುಕನ್ಯಾ ಮೇಡಂ ಸಮಾಜ ಪಾಠ ಮಾಡುತ್ತಿದ್ದರು. ಅವರ ಕ್ಲಾಸಿನಲ್ಲಿ ಪಕ್ಕಕ್ಕೆ ನಿಖಿತಳ ಜಾಗ ಖಾಲಿ ಬಿಟ್ಟುಕೊಂಡು ಕೂತಿದ್ದ ಭಾರ್ಗವಿ ಏನು ಹೇಳಿದಳೋ ಕಾಣೆ, ಒಂದು ಮಧ್ಯಾಹ್ನ ಮೇಡಮ್ಮೂ ಅವಳೂ ಇಡೀ ಕ್ಲಾಸೂ ಬಾಬಾಜಾನನ ಅಂಗಡಿಯ ಮುಂದೆ ಬಂದು ನಿಂತರು.

"ಬಾಬಾಜಾನಣ್ಣಾ, ಈ ಡ್ರಮ್ ನಮಗೆ ಕೊಡ್ತೀರಾ?" ಎಂದಳು ಭಾರ್ಗವಿ.

"ಏನ್ ಮಾಡ್ತೀರಮ್ಮಾ ಇದ್ರಾಗೆ?"

"ರೋಡ್ ಮಧ್ಯೆ ಇಡ್ತೀವಿ. ಗಾಡಿಗಳು ನಿಧಾನ ಆಗ್ಲಿ."

ಬಾಬಾಜಾನ್ ನನ್ನ ತಲೆ ತಟ್ಟಿ, "ತಗೊಂಡೋಗಿ. ಇದಕ್ಕೂ ನಿಂತು ನಿಂತು ಬೇಜಾರಾಗಿದೆ" ಎಂದ. ಅಷ್ಟು ದಿನಗಳಲ್ಲಿ ನನ್ನ ಮನಸ್ಸನ್ನು ಬಲ್ಲ ಒಂದು ಮಾತು ಕೇಳಿದ್ದು ಅದೇ ಮೊದಲು.

ನನ್ನನ್ನು ಶಾಲೆಯ ಅಂಗಳಕ್ಕೆ ಉರುಳಿಸಿಕೊಂಡು ಹೋದರು. ತಲೆಯ ತಗಡು ಕತ್ತರಿಸಿ ತೆಗೆದರು. ಮೈಗೆ ಪಟ್ಟೆ ಬಳಿದರು. ಕೆಂಪಿಗೆ ಶಾಲೆಯ ಬಾಗಿಲಿಗೆ ಬಳಿದು ಉಳಿದಿದ್ದ ಬಣ್ಣ, ಬಿಳಿಗೆ ಸುಣ್ಣ. ಯಾರದೋ ಮನೆಯಿಂದ ತಂದ ಇನ್ನೊಂದು ಡ್ರಮ್ಮಿಗೂ ಹಾಗೇ ಬಳಿದರು. ಹೊಟ್ಟೆಗೆ ಕಲ್ಲು ತುಂಬಿ, ಶಾಲೆಯ ಮುಂದೆ ರಸ್ತೆಗೆ ಅಡ್ಡಡ್ಡವಾಗಿ ನಿಲ್ಲಿಸಿದರು. ಗಾಡಿಗಳು ಈಗ ನಮ್ಮಿಬ್ಬರನ್ನು ಬಳಸಿಕೊಂಡು, ಹಾವಿನಂತೆ ಸೊಂಟ ತಿರುಗಿಸಿ ಹೋಗಬೇಕಿತ್ತು. ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಿ ಬೈದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಎಲ್ಲಿಲ್ಲದ ಜಂಬ.

ಅದು ಬಹಳ ದಿನ ಉಳಿಯಲಿಲ್ಲ. ಒಂದು ಮಳೆಗೆ ಸುಣ್ಣ ತೊಳೆದುಹೋಯಿತು. ಕೆಂಪು ಬಣ್ಣ ಧೂಳು ಕುಡಿದು ಕಂದಾಯಿತು. ಆಮೇಲೆ ಚಳಿಗಾಲ ಬಂತು. ಮುಂಜಾನೆಯ ಮಂಜಿನಲ್ಲಿ ನನ್ನ ಪಕ್ಕದ ಡ್ರಮ್ಮು ನನಗೇ ಕಾಣುತ್ತಿರಲಿಲ್ಲ. ಅಂಥ ಒಂದು ಮುಂಜಾನೆ ಮೊಪೆಡ್ಡಿನ ಸದ್ದು ಕೇಳಿತು. ಊರಿನ ಪಿಳ್ಳಪ್ಪ ಡೈರಿಗೆ ಹಾಲು ತರುತ್ತಿದ್ದ. ಅವನ ಮನೆ ಶಾಲೆಯ ಹಿಂದಿನ ತೋಟದಲ್ಲಿ. ಸದ್ದು ಹತ್ತಿರ ಬಂತು. ಕೂಗಲು ನನಗೆ ಬಾಯಿಲ್ಲ. ಸರಿಯೋಣವೆಂದರೆ ಹೊಟ್ಟೆ ತುಂಬ ಕಲ್ಲು. ಮೊಪೆಡ್ಡು ನನ್ನ ಎದೆಗೇ ಬಂದು ಬಡಿಯಿತು.

ಪಿಳ್ಳಪ್ಪನ ಕೈ ಮುರಿಯಿತು. ಕ್ಯಾನುಗಳು ಉರುಳಿ ಹಾಲೆಲ್ಲ ಕಪ್ಪು ರಸ್ತೆಯ ಮೇಲೆ ಬೆಳ್ಳಗೆ ಹರಡಿತು. ಜನ ಸೇರಿದರು. "ಒಂದು ಮಗೂಗೆ ಕಾಲೋಯ್ತು ಅಂತ ಇನ್ನೊಬ್ಬರ ಕೈ ಮುರೀಬೇಕಾ?" ಎಂದು ಒಬ್ಬ ಕೂಗಿದ. ಪೊಲೀಸ್ ಪೇದೆ ಬಂದು ಸುಕನ್ಯಾ ಮೇಡಂಗೆ, "ಯಾರನ್ನ ಕೇಳಿ ಇದನ್ನ ಇಟ್ರಿ ಮೇಡಂ? ಯಾರಾದ್ರೂ ಸತ್ತೋಗಿದ್ರೆ ಏನ್ ಮಾಡ್ತಿದ್ರಿ?" ಎಂದು ಗದರಿದ. ಹೆಡ್ ಮೇಷ್ಟ್ರು ಇನ್ನು ಮೇಲೆ ಇಂಥ ಉಸಾಬರಿ ಬೇಡ ಎಂದರು. ಇನ್ನೊಂದು ಡ್ರಮ್ಮನ್ನು ಅದರ ಮನೆಯವರು ಒಯ್ದರು. ನನ್ನನ್ನು ಕಲ್ಲು ಸುರಿದು ಡೈರಿಯ ಪಕ್ಕದ ಚರಂಡಿಗೆ ಉರುಳಿಸಿಬಿಟ್ಟರು.

ಚರಂಡಿಯಲ್ಲಿ ಅಡ್ಡ ಬಿದ್ದಿದ್ದೆ. ಕಣ್ಣಿಗೆ ಡೈರಿಯ ಮೆಟ್ಟಿಲು ಮತ್ತು ಒಂದು ತುಂಡು ರಸ್ತೆ ಮಾತ್ರ ಕಾಣುತ್ತಿತ್ತು. ಮಕ್ಕಳ ಕಾಲುಗಳು ಮತ್ತೆ ಓಡಿ ದಾಟುವುದು ಕಾಣುತ್ತಿತ್ತು. ಪೂರ್ತಿ ದಾಟಿದರೋ ಇಲ್ಲವೋ ಕಾಣುತ್ತಿರಲಿಲ್ಲ. ಆ ದಿನಗಳಷ್ಟು ತಳಮಳವನ್ನು ನಾನು ಮತ್ತೆಂದೂ ಅನುಭವಿಸಲಿಲ್ಲ.

ಪಿಳ್ಳಪ್ಪನ ಹೆಂಡತಿ ಈಗ ತಲೆಯ ಮೇಲೊಂದು, ಕಂಕುಳಲ್ಲೊಂದು ಕ್ಯಾನು ಹೊತ್ತು ನಡೆದೇ ಡೈರಿಗೆ ಬರುತ್ತಿದ್ದಳು. ಒಂದು ಬೆಳಗ್ಗೆ ಭಾರ್ಗವಿ ಮೆಟ್ಟಿಲ ಬಳಿ ಕಾದಿದ್ದು ಅವಳ ಎದುರಿಗೆ ಹೋದಳು.

"ಅತ್ತೇ, ನಾಳೆಯಿಂದ ಹಾಲು ನಾವು ತರ್ತೀವಿ."

"ಬೇಡ ಹೋಗಮ್ಮಾ. ನೀವು ಮಾಡಿದ್ದೇ ಸಾಕು."

ಭಾರ್ಗವಿ ಹೋಗಲಿಲ್ಲ. ಅವಳ ಕಂಕುಳ ಕ್ಯಾನನ್ನು ಇಸಕೊಂಡಳು. ಪಿಳ್ಳಪ್ಪನ ಹೆಂಡತಿ ಕಿತ್ತುಕೊಳ್ಳಲು ನೋಡಿದಳು, ಹುಡುಗಿ ಬಿಡಲಿಲ್ಲ. ಹಾಲು ಚೆಲ್ಲುತ್ತದೆಂಬ ಭಯಕ್ಕೆ ದೊಡ್ಡವಳೇ ಕೈ ಬಿಟ್ಟಳು. ಮರುದಿನದಿಂದ ಭಾರ್ಗವಿಯ ಕ್ಲಾಸಿನವರು ಇಬ್ಬಿಬ್ಬರಾಗಿ ತೋಟದ ಮನೆಗೆ ಹೋಗಿ ಕ್ಯಾನು ಹೊತ್ತು ತರತೊಡಗಿದರು. ಬೆಳಗ್ಗೆಯೂ, ಸಂಜೆಯೂ. ಸುಕನ್ಯಾ ಮೇಡಂ ಕೂಡ ಒಂದೊಂದು ದಿನ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಬರುತ್ತಿದ್ದರು.

ಪಿಳ್ಳಪ್ಪ ಮುರಿದ ಕೈಯನ್ನು ಕೊರಳಿಗೆ ಬಟ್ಟೆ ಕಟ್ಟಿ ತೂಗುಹಾಕಿಕೊಂಡು ಡೈರಿಯ ಕಟ್ಟೆಯಲ್ಲಿ ಬಂದು ಕೂರುತ್ತಿದ್ದ. ಮೊದಮೊದಲು ಮಕ್ಕಳ ಕಡೆ ನೋಡುತ್ತಿರಲಿಲ್ಲ. ಆಮೇಲೆ 'ನೊರೆ ಚೆಲ್ಲದಂಗೆ ಹಿಡ್ಕೊಳ್ರೋ' ಎನ್ನತೊಡಗಿದ. ಒಂದು ಸಂಜೆ ಭಾರ್ಗವಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ಡ್ರಮ್ಮು ಇಟ್ಟಿದ್ದು ತಪ್ಪಲ್ಲ ಕಣಮ್ಮಾ. ದಿನಾ ಆ ರೋಡಾಗೆ ಓಡಾಡೋನು ನಾನು. ನನ್ನ ಒಂದ್ ಮಾತು ಕೇಳಿದ್ರೆ ಎಲ್ಲಿಟ್ರೆ ಕಾಣ್ತದೆ, ಎಲ್ಲಿಟ್ರೆ ಕಾಣಲ್ಲ ಅಂತ ಹೇಳ್ತಿರಲಿಲ್ಲವಾ?"

"ಯಾರನ್ನೂ ಕೇಳ್ಲಿಲ್ಲ ಮಾವಾ. ಎಲ್ಲರ ಮೇಲೂ ಸಿಟ್ಟಿತ್ತು."

"ಸಿಟ್ಟು ಇರ್ಲಿ. ಈಗ ಕೇಳು, ಎಲ್ಲರನ್ನೂ ಇಲ್ಲೇ ಕೂಡಿಸ್ತೀನಿ. ಹಾಲಾಕೋಕೆ ಊರೆಲ್ಲಾ ಇಲ್ಲಿಗೇ ಬರಬೇಕಲ್ಲ, ಎಲ್ಲೋಗ್ತಾರೆ?"

ಹೀಗೆ ಡೈರಿಯ ಮುಂದೆ ಸಭೆ ಸೇರಿತು. ಹಾಲು ಹಾಕಲು ಬಂದ ಹೆಂಗಸರು, ಗಂಡಸರು, ಬಾಬಾಜಾನ್, ಸುಕನ್ಯಾ ಮೇಡಂ, ಮಕ್ಕಳು, ಗೇಟಿನ ಡ್ರೈವರುಗಳು. ಪಿಳ್ಳಪ್ಪನೇ ಹೋಗಿ ಆ ಪೇದೆಯನ್ನೂ ಕರೆದು ತಂದಿದ್ದ. ನಾನು ಚರಂಡಿಯಿಂದಲೇ ಎಲ್ಲ ಕೇಳಿಸಿಕೊಂಡೆ.

ಡ್ರೈವರುಗಳು ಒಪ್ಪಲಿಲ್ಲ. "ನಾವು ನಿಧಾನಕ್ಕೋದ್ರೆ ಪಕ್ಕದೂರಿನೋರು ಮುಂದಕ್ಕೋಗ್ತಾರೆ. ಮಾಲು ಹಿಂದೆ ಬಿದ್ರೆ ರೈತ ನಮ್ಮನ್ನೇ ಬೈತಾನೆ" ಎಂದ ಒಬ್ಬ. "ಹಾರನ್ ಹೊಡೀತೀವಲ್ಲ, ಮಕ್ಕಳೇ ಸ್ವಲ್ಪ ನೋಡ್ಕೊಂಡು ಸರಿದುಕೊಂಡ್ರೆ ಆಯ್ತಪ್ಪ" ಎಂದ ಇನ್ನೊಬ್ಬ. ಸೊಣ್ಣಪ್ಪ ಗೋಡೆಗೆ ಒರಗಿ ನಿಂತಿದ್ದ. ಮಾತಿಗೆ ಮಾತು ಬೆಳೆದು ಸಭೆ ಜಗಳವಾಗುವ ಹೊತ್ತಿಗೆ ಭಾರ್ಗವಿ ಎದ್ದು ನಿಂತಳು.

"ನೀವು ನಿಧಾನಕ್ಕೆ ಹೋಗೋದು ಬೇಡ. ಒಂದು ದಿನ, ಒಂದೇ ಒಂದು ದಿನ, ಶಾಲೆ ಹೊತ್ತಿಗೆ ನಮ್ಮ ಜೊತೆ ರೋಡ್ ದಾಟಿ. ನಮ್ಮ ಬ್ಯಾಗ್ ಹಾಕ್ಕೊಂಡು."

ಡ್ರೈವರುಗಳು ಜೋರಾಗಿ ನಕ್ಕರು. ಹೆಂಗಸರೂ ನಕ್ಕರು, ಆದರೆ ಅವರು ನಕ್ಕಿದ್ದು ಡ್ರೈವರುಗಳನ್ನು ನೋಡಿ. "ಯಾಕಪ್ಪಾ, ಭಯನಾ?" ಎಂದಳು ಪಿಳ್ಳಪ್ಪನ ಹೆಂಡತಿ. ನಗು ನಿಂತಿತು. ಗೋಡೆಯ ಬಳಿಯಿಂದ ಸೊಣ್ಣಪ್ಪ, "ನಾನ್ ಬರ್ತೀನಿ" ಎಂದ. ಅವನು ಬರುತ್ತೇನೆಂದ ಮೇಲೆ ಉಳಿದವರಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಗೊತ್ತುಮಾಡಿದ ದಿನ ಬೆಳಗ್ಗೆ ಡ್ರೈವರುಗಳು ಗಾಡಿಗಳನ್ನು ಡೈರಿಯ ಹಿಂದೆ ನಿಲ್ಲಿಸಿ ಬಂದರು. ದಪ್ಪ ಮೀಸೆಯವರು, ಲುಂಗಿಯವರು, ಬೆನ್ನಿಗೆ ಗೊಂಬೆ ಚಿತ್ರದ ಬ್ಯಾಗುಗಳು. ಒಬ್ಬರನ್ನೊಬ್ಬರು ನೋಡಿ ಗೇಲಿ ಮಾಡಿಕೊಂಡರು. ರಸ್ತೆಯ ಆ ಕಡೆ ಪೇದೆ, ಈ ಕಡೆ ಪಿಳ್ಳಪ್ಪ ಕೆಂಪು ಟವೆಲ್ಲು ಹಿಡಿದು ನಿಂತರು.

ಅಷ್ಟರಲ್ಲಿ ಒಂದು ಆಟೋ ಬಂತು. ನಿಖಿತ ಊರುಗೋಲು ಹಿಡಿದು ಇಳಿದಳು. ಬಿದ್ದ ದಿನದ ನಂತರ ಅವಳು ಗೇಟಿಗೆ ಬಂದದ್ದು ಅದೇ ಮೊದಲು. ಮುಖ ಬಿಳುಚಿಕೊಂಡಿತ್ತು. ಎಲ್ಲರ ಗೇಲಿ ತಾನಾಗೇ ಅಡಗಿತು. ಭಾರ್ಗವಿ ಅವಳ ಬ್ಯಾಗನ್ನು ತೆಗೆದು ಅಪ್ಪನ ಕೈಗೆ ಕೊಟ್ಟಳು.

"ನೀನು ಇವಳ ಜೊತೆ ದಾಟಪ್ಪಾ."

ಸೊಣ್ಣಪ್ಪ ಬ್ಯಾಗು ಹಾಕಿಕೊಂಡ. ನಿಖಿತಳಿಗೆ ಕೈ ಕೊಟ್ಟ. ಎಲ್ಲರಿಗಿಂತ ಮೊದಲು ಇಬ್ಬರೂ ರಸ್ತೆಗೆ ಇಳಿದರು. ಊರುಗೋಲು ಮುಂದಿಟ್ಟು, ಒಂದು ಕಾಲು ತಂದು, ಇನ್ನೊಂದು ಕಾಲು ಎಳೆದು, ನಿಂತು, ಉಸಿರು ಬಿಟ್ಟು, ಮತ್ತೆ ಊರುಗೋಲು. ನಾನು ಚರಂಡಿಯಲ್ಲಿ ಬಿದ್ದೇ ನೋಡುತ್ತಿದ್ದೆ. ಆ ರಸ್ತೆ ಅಷ್ಟು ಅಗಲ ಇದೆಯೆಂದು ಅದಕ್ಕೆ ಡಾಂಬರು ಕೊಟ್ಟ ನನಗೂ ಗೊತ್ತಿರಲಿಲ್ಲ.

ಅವರು ನಡುವಿಗೆ ಬಂದಿದ್ದರು. ದೂರದಿಂದ ಬೇರೆ ಊರಿನ ಪಿಕಪ್ಪೊಂದು ಹಾರನ್ ಒತ್ತುತ್ತಾ ಬಂತು. ಪೇದೆ ಟವೆಲ್ಲು ಬೀಸಿದ. ಮತ್ತೇನೋ ಗಲಾಟೆ, ನಿಂತರೆ ತಡವಾಗುತ್ತದೆ ಎಂದುಕೊಂಡಿರಬೇಕು ಆ ಡ್ರೈವರು. ಪೇದೆಯನ್ನು ಬಳಸಿಕೊಂಡು ನುಗ್ಗಿದ. ಹಾರನ್ ಇನ್ನೂ ಜೋರಾಯಿತು. ನಿಖಿತ ಇದ್ದಲ್ಲೇ ಕಲ್ಲಾದಳು. ಸೊಣ್ಣಪ್ಪ ಅವಳನ್ನು ಎಳೆದುಕೊಂಡು ಓಡುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನೂ ಕಲ್ಲಾಗಿದ್ದ. ಮಾಡಿದ್ದು ಒಂದೇ, ನಿಖಿತಳನ್ನು ಬೆನ್ನ ಹಿಂದೆ ಮಾಡಿಕೊಂಡು ಗಾಡಿಗೆ ಎದೆ ಕೊಟ್ಟು ನಿಂತ.

ಟೈರು ಕಿರುಚಿತು. ಸುಟ್ಟ ರಬ್ಬರಿನ ವಾಸನೆ ಬಂತು. ಗಾಡಿ ನಿಂತಾಗ ಸೊಣ್ಣಪ್ಪ ಕೈ ಚಾಚಿದ್ದರೆ ಅದರ ಮೂತಿ ಸಿಗುತ್ತಿತ್ತು. ಮೇಲಿನ ಸಾಲಿನ ಕ್ರೇಟುಗಳು ಜಾರಿ, ಟೊಮ್ಯಾಟೊಗಳು ರಸ್ತೆಯ ತುಂಬ ಉರುಳಿದವು.

ಭಾರ್ಗವಿ ಓಡಿಬಂದು ನಿಖಿತಳನ್ನು ಅಪ್ಪಿಕೊಂಡಳು. ಇಬ್ಬರೂ ಜೋರಾಗಿ ಅತ್ತರು. ಆ ಡ್ರೈವರನ್ನು ಹೊಡೆಯಲು ಜನ ಮುಂದಾದರು. ಸೊಣ್ಣಪ್ಪನೇ ಅಡ್ಡ ಬಂದ. "ಬಿಡ್ರಪ್ಪಾ. ನಿನ್ನೆ ತನಕ ನಾವೆಲ್ಲ ಇವನೇ ಆಗಿದ್ವಿ" ಎಂದ. ಬಂದು ಡೈರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಬ್ಯಾಗು ಇನ್ನೂ ಬೆನ್ನ ಮೇಲಿತ್ತು. ಉಳಿದ ಡ್ರೈವರುಗಳು ಸುತ್ತ ನಿಂತರು.

"ಹಾರನ್ ಹೊಡೆದ್ರೆ ಸರಿದುಬಿಡ್ತಾರೆ ಅಂದ್ಕೊಂಡಿದ್ದೆ ಕಣ್ರೋ" ಎಂದ. "ಹಾರನ್ ಕೇಳ್ಸಿದ್ರೆ ಕಾಲೇ ಏಳಲ್ಲ."

ಮಕ್ಕಳು ಆಗಲೇ ಬಗ್ಗಿ ಟೊಮ್ಯಾಟೊ ಆಯ್ದು ಆ ಬೇರೆ ಊರಿನವನ ಕ್ರೇಟಿಗೆ ತುಂಬುತ್ತಿದ್ದರು.

ಅವತ್ತೇ ನನ್ನನ್ನು ಚರಂಡಿಯಿಂದ ಎತ್ತಿದರು. ಈ ಸಲ ಎಲ್ಲರೂ ಸೇರಿ ಎತ್ತಿದರು. ಬಾಬಾಜಾನ್ ಉಜ್ಜಿ ತೊಳೆದು ಒಳ್ಳೇ ಬಣ್ಣ ಹಚ್ಚಿದ. ಸುತ್ತಲೂ ರೇಡಿಯಂ ಪಟ್ಟಿ ಅಂಟಿಸಿದ. ಬೆಳಕು ಬಿದ್ದರೆ ನಾನು ಬೆಂಕಿಯ ಹಾಗೆ ಹೊಳೆಯುತ್ತಿದ್ದೆ. ಎಲ್ಲಿ ಇಡಬೇಕೆಂದು ಪಿಳ್ಳಪ್ಪ ತೋರಿಸಿದ. ಪೇದೆ ಠಾಣೆಯಿಂದ ಒಪ್ಪಿಗೆ ತಂದ. ಶಾಲೆ ಕೂಡುವ ಹೊತ್ತಿಗೆ ರಸ್ತೆಗೆ ಇಡುವುದು, ಮಕ್ಕಳು ದಾಟಿದ ಮೇಲೆ ತೆಗೆಯುವುದು. ಬಿಡುವ ಹೊತ್ತಿಗೆ ಮತ್ತೆ ಇಡುವುದು. ಮಂಜಿನಲ್ಲಾಗಲಿ ಕತ್ತಲಲ್ಲಾಗಲಿ ರಸ್ತೆಯಲ್ಲಿ ಬಿಡುವಂತಿಲ್ಲ. ಅದಕ್ಕೆ ಸರದಿ ಹಾಕಿಕೊಂಡರು. ಒಂದು ದಿನ ಡ್ರೈವರುಗಳು, ಒಂದು ದಿನ ಡೈರಿಯವರು, ಒಂದು ದಿನ ಮಕ್ಕಳ ಅಪ್ಪ ಅಮ್ಮಂದಿರು. ಪ್ರತಿ ಸಲವೂ ಜೊತೆಗೆ ದೊಡ್ಡ ಕ್ಲಾಸಿನ ಇಬ್ಬರು ಮಕ್ಕಳು. ಟೊಮ್ಯಾಟೊ ತುಂಬುವ ಹೆಂಗಸರು ಸ್ವಲ್ಪ ಬೇಗ ಕೆಲಸ ಶುರು ಮಾಡುತ್ತೇವೆಂದರು. ಹಾಗಾಗಿ ಗಾಡಿಗಳು ಶಾಲೆಯ ಹೊತ್ತಿಗೆ ಮುಂಚೆಯೇ ಹೊರಡುವಂತಾಯಿತು. ಗೇಟಿನ ಆಚೀಚೆ ಯಾರೂ ಯಾರನ್ನೂ ಹಿಂದೆ ಹಾಕಬಾರದೆಂದು ಡ್ರೈವರುಗಳೇ ಮಾತಾಡಿಕೊಂಡು, ಮಂಡಿಯಲ್ಲಿ ಪಕ್ಕದೂರಿನವರಿಗೂ ಹೇಳಿದರು.

ನನ್ನ ಹೊಟ್ಟೆಗೆ ಈಗ ಕಲ್ಲಿನ ಬದಲು ಸ್ವಲ್ಪವೇ ಮರಳು. ಓರೆ ಮಾಡಿ, ತಳದ ಅಂಚಿನ ಮೇಲೆ ಗಿರ್‍ರನೆ ಉರುಳಿಸಿಕೊಂಡು ರಸ್ತೆಗೆ ತರುತ್ತಿದ್ದರು, ಮತ್ತೆ ಉರುಳಿಸಿಕೊಂಡು ಒಯ್ಯುತ್ತಿದ್ದರು. ನನ್ನಂಥ ನಿಲ್ಲಲಾರದವನಿಗೆ ಇದಕ್ಕಿಂತ ಒಳ್ಳೇ ಬದುಕು ಸಿಗುತ್ತಿರಲಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಲಾರೆ. ಸುಗ್ಗಿಯ ದಿನಗಳಲ್ಲಿ ಸರದಿಯವರು ಬರುತ್ತಿರಲಿಲ್ಲ. ಆಗ ಸುಕನ್ಯಾ ಮೇಡಂ ಒಬ್ಬರೇ ನನ್ನನ್ನು ಎಳೆದು ಕೈ ತರಚಿಕೊಳ್ಳುತ್ತಿದ್ದರು. ಒಮ್ಮೆ ಒಂದು ಲಾರಿ ಸವರಿಕೊಂಡು ಹೋಗಿ ನನ್ನ ಪಕ್ಕೆ ತಗ್ಗಾಯಿತು. ಒಬ್ಬ ಡ್ರೈವರು ರೇಗಿಕೊಂಡು ಸರದಿಯನ್ನೇ ಬಿಟ್ಟ. ಭಾರ್ಗವಿ ಅವನ ಮನೆಗೆ ಹೋಗಿ ಹೋಗಿ, ಬೈಸಿಕೊಂಡು, ಮತ್ತೆ ಹೋಗಿ, ಕೊನೆಗೆ ಕರೆತಂದಳು. ಒಂದು ವಾರ ಎಲ್ಲ ಸರಿಯಿದೆ ಎನಿಸಿದರೆ ಮುಂದಿನ ವಾರ ಮತ್ತೆ ಓಡಿ ದಾಟುವ ಮಗುವೊಂದು ಕಾಣುತ್ತಿತ್ತು. ನೆಮ್ಮದಿ ಎಂಬುದು ನಮ್ಮ ಗೇಟಿಗೆ ಒಂದು ಹೊತ್ತಿನ ನೆಂಟ.

ವರ್ಷಗಳು ಕಳೆದವು. ಭಾರ್ಗವಿ ಹೈಸ್ಕೂಲು ಮುಗಿಸಿ ಹೋದಳು. ನರ್ಸಿಂಗ್ ಓದುತ್ತಿದ್ದಾಳೆಂದು ಸೊಣ್ಣಪ್ಪ ಬಾಬಾಜಾನನಿಗೆ ಹೇಳುವುದು ಕೇಳಿಸಿತು. ನಿಖಿತಳ ಊರುಗೋಲು ಹೋಯಿತು, ಕುಂಟು ಉಳಿಯಿತು. ಅವಳು ಡೈರಿಯಲ್ಲೇ ಹಾಲಿನ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಕೇಳಿ ಕೇಳಿ ಸಾಕಾಗಿ, ಒಂದು ಬೇಸಿಗೆಯಲ್ಲಿ ಹಂಪ್ ಬಂತು. ಬಿಳಿ ಪಟ್ಟೆ ಬಂತು. ಹೊಸ ಪ್ಲಾಸ್ಟಿಕ್ ತಡೆಗಳು ಬಂದವು. ಹಗುರ, ಚೆಂದ, ಒಬ್ಬ ಹುಡುಗಿಯೂ ಎತ್ತಿಡಬಹುದು. ನನ್ನ ತಳವೋ ತುಕ್ಕು ಹಿಡಿದು ಉದುರಿತ್ತು, ಮರಳು ನಿಲ್ಲುತ್ತಿರಲಿಲ್ಲ. ನನ್ನನ್ನು ಡೈರಿಯ ಹಿಂದೆ ಸರಿಸಿದರು. ಆಮೇಲೆ ಗುಜರಿಯವನು ಬಂದ.

ಗುಜರಿಯ ಆಟೋದಲ್ಲಿ ಮುರುಕು ಬಕೆಟ್ಟು, ಸೈಕಲ್ ಚಕ್ರಗಳ ಮೇಲೆ ನನ್ನನ್ನು ಹೇರಿದರು. ಅಕ್ಕಪಕ್ಕದ ಹಳ್ಳಿಗಳನ್ನು ಸುತ್ತಿ ಹೆದ್ದಾರಿಯಲ್ಲಿ ಮತ್ತೆ ಗೇಟಿಗೆ ಬರುವಾಗ ಶಾಲೆಯ ಹೊತ್ತು. ಹಿಂದೆಂದೂ ನಾನು ಆ ರಸ್ತೆ ದಾಟುವ ಮಕ್ಕಳನ್ನು ಓಡುವ ಗಾಡಿಯಿಂದ ನೋಡಿರಲಿಲ್ಲ. ಅಲ್ಲಿಂದ ಮಕ್ಕಳು ಎಷ್ಟು ಸಣ್ಣಗೆ ಕಾಣುತ್ತಾರೆ! ಎದ್ದುಬಿದ್ದು ಬರುವ ನಾಲ್ಕು ಬಣ್ಣದ ಚುಕ್ಕೆಗಳು. ಬಿಳಿ ಪಟ್ಟೆಯ ಬಳಿ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತಿ ನಿಂತಳು. ಗುಜರಿಯವನು ಗೊಣಗುತ್ತಾ ಬ್ರೇಕು ಒತ್ತಿದ. ಹುಡುಗಿ ಓಡಲಿಲ್ಲ. ನಡೆದಳು. ಅವಳ ಹಿಂದೆ ಉಳಿದವರು, ಅವರ ಹಿಂದೆ ಕಾಲು ಎಳೆಯುತ್ತಾ ನಿಖಿತ. ಕೊನೆಯವರು ಆಚೆ ಮುಟ್ಟಿದ ಮೇಲೆ ಅವಳು ತಿರುಗಿ ನಮ್ಮ ಆಟೋಗೆ ಹೋಗಿ ಎಂದು ಕೈ ಮಾಡಿದಳು.

ಈಗ ಪೇಟೆಯ ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಮೈಮೇಲೆ ಹಳೇ ತಗಡುಗಳ ರಾಶಿ. ಎಂದಾದರೂ ಕರಗಿಸುತ್ತಾರೆ, ಏನಾಗುತ್ತೇನೋ ಗೊತ್ತಿಲ್ಲ. ಅದರ ಚಿಂತೆ ನನಗಿಲ್ಲ. ಇಲ್ಲಿಂದ ರಸ್ತೆ ಕಾಣುವುದಿಲ್ಲ ಎಂಬುದೊಂದೇ ಕಷ್ಟ. ಬಣ್ಣ, ಪಟ್ಟೆ, ಹಂಪು ಎಲ್ಲವೂ ಸವೆದುಹೋಗುವಂಥವು. ದಿನಾ ಬೆಳಗ್ಗೆ ಯಾರಾದರೊಬ್ಬರು ತಮ್ಮ ಕೆಲಸ ಬಿಟ್ಟು ಬಂದು ನಿಲ್ಲಬೇಕು. ನಿನ್ನೆ ಬಂದಿದ್ದರು, ಸರಿ. ಆದರೆ ಅದು ಇವತ್ತಿಗೆ ಸಾಲದು.

ಬಿಸಿಲು ಗೋಡೆಯಿಂದ ಇಳಿಯುತ್ತಿದೆ. ಶಾಲೆ ಬಿಡುವ ಹೊತ್ತು. ಇವತ್ತು ಯಾರ ಸರದಿಯೋ. ಬಂದರೋ, ಇಲ್ಲವೋ.